ಸಿದ್ದಮ್ಮನಿಗೆ ಗಾಳಿ ಬಡಿದಿರಲಿಲ್ಲ

ನಾಗಮ್ಮ, ನಿನ್ನ ಅವ್ವ ಸಿದ್ದಮ್ಮನಿಗೆ ಗಾಳಿ ಬಡಿದಿರಲಿಲ್ಲ. ಯಾವ ದೆವ್ವವೂ ಆಕೆಯನ್ನು ಗಿರಣಿಯ ಯಂತ್ರಕ್ಕೆ ಎಳೆದೊಯ್ಯಲಿಲ್ಲ. ಆ ಮಾತು ಹುಟ್ಟಿಸಿದವನು ನಾನು — ಸಂಬಳ ತೆಗೆದುಕೊಂಡು, ಚಹಾ ಕುಡಿಯುತ್ತ ಹುಟ್ಟಿಸಿದೆ.

ನಿಜಾಮರ ಆಳ್ವಿಕೆ ಮುಗಿದು ಹೊಸ ಸರ್ಕಾರದ ಅಧಿಕಾರಿಗಳು ಬರತೊಡಗಿದ್ದ ದಿನಗಳು. ಯಾದಗಿರಿಯ ಹತ್ತಿ ಗಿರಣಿಯ ಸಾಹುಕಾರರಿಗೆ ಒಂದೇ ಚಿಂತೆ: ಜನ ತಮ್ಮ ಬಗ್ಗೆ ಏನು ಆಡಿಕೊಳ್ಳುತ್ತಾರೋ! ನನ್ನನ್ನು ಕರೆದು, "ಮಷೀನ್ ನಾ ನೋಡ್ಕೋತೀನಿ, ಮಂದಿ ಬಾಯಿ ನೀ ನೋಡ್ಕೊ" ಎಂದರು. ಈಗ ಆ ಕೆಲಸಕ್ಕೆ ಸಾರ್ವಜನಿಕ ಸಂಪರ್ಕ ಎಂಬ ದೊಡ್ಡ ಹೆಸರಿದೆ. ಆಗ ನಾನು ಶಹಾಪುರ, ಸುರಪುರದ ಸಂತೆಗಳಲ್ಲಿ, ಹಳ್ಳಿಯ ಕಟ್ಟೆಗಳ ಮೇಲೆ ಗಿರಣಿಯನ್ನು ಹೊಗಳುತ್ತ ತಿರುಗುತ್ತಿದ್ದೆ, ಅಷ್ಟೆ. ಆ ಕೆಲಸಕ್ಕೆ ಬಾಯಿಯಷ್ಟೇ ಕಿವಿಯೂ ಬೇಕೆಂದು ಸಾಹುಕಾರರಿಗೆ ಗೊತ್ತಿರಲಿಲ್ಲ. ನನಗೆ — ನನಗೆ ಗೊತ್ತಿತ್ತು.

ಸುಗ್ಗಿಯಲ್ಲಿ ನಿಮ್ಮ ದೋರನಹಳ್ಳಿಯಿಂದ ಬಂದು ಗಿರಣಿಯಲ್ಲೇ ಉಳಿಯುತ್ತಿದ್ದ ಹೆಂಗಸರಲ್ಲಿ ನಿನ್ನ ಅವ್ವನೂ ಒಬ್ಬಳು. ಒಂದು ಮಧ್ಯಾಹ್ನ ಗೋದಾಮಿನ ಹಿಂದೆ ನನ್ನನ್ನು ತಡೆದಳು. ಅಲ್ಲಿ ಬೇರೆ ಯಾರೂ ಇರಲಿಲ್ಲ.

"ಅಣ್ಣಾ, ಪಟ್ಟಾಕ್ಕ ತಗಡು ಹಾಕಸ್ರಿ. ಸೆರಗ ಎಳೀತದ. ನೀವು ಹೇಳಿದ್ರ ಸಾವ್ಕಾರ್ರು ಕೇಳ್ತಾರ್ರಿ."

ಯಂತ್ರ ತಿರುಗಿಸುವ ಆ ಉದ್ದನೆಯ ಚರ್ಮದ ಪಟ್ಟಾಕ್ಕೆ ಯಾವ ಮುಚ್ಚಿಗೆಯೂ ಇರಲಿಲ್ಲ. "ಹೇಳ್ತೀನಿ ತಂಗಿ" ಎಂದೆ. ಹೇಳಲಿಲ್ಲ. ಗಿರಣಿಯ ಮಾತನ್ನು ಊರಿಗೆ ಒಯ್ಯುವುದು ನನ್ನ ಕೆಲಸ, ಊರಿನ ಮಾತನ್ನು ಗಿರಣಿಗೆ ತರುವುದಲ್ಲ ಎಂದುಕೊಂಡೆ. ಸಾಹುಕಾರರ ಸಿಟ್ಟು ಯಾರಿಗೆ ಬೇಕಿತ್ತು!

ಪಟ್ಟಾ ಆಕೆಯ ಸೆರಗು ಹಿಡಿದ ದಿನ... ಬೇಡ, ಅದನ್ನು ನಿನಗೆ ಬರೆಯಲಾರೆ. ಸಾಹುಕಾರರು ನನ್ನತ್ತ ತಿರುಗಿ, "ಏನರೆ ಮಾಡು, ಗಿರಣಿ ಹೆಸರು ಕೆಡಬಾರದು" ಎಂದರು.

ದೋರನಹಳ್ಳಿಯ ಕಟ್ಟೆಯ ಮೇಲೆ ಕುರಿಗಾರರ ಮುಂದೆ ಹೇಳಿದೆ — ಅಮಾವಾಸ್ಯೆಯ ದಿನ ಹುಣಸೆಮರದ ಕೆಳಗೆ ಆಕೆಗೆ ಗಾಳಿ ಬಡಿದಿತ್ತು, ತಾನಾಗಿಯೇ ಹೋಗಿ ಯಂತ್ರಕ್ಕೆ ಬಿದ್ದಳು. ಅವರು ನಂಬಿದರು. ಅಲ್ಲಿಂದ ಸುರಪುರಕ್ಕೆ ಹೋದೆ. ಚಹಾದಂಗಡಿಯಲ್ಲಿ ನಾನು ಬಾಯಿ ತೆರೆಯುವ ಮೊದಲೇ, ಗುರುತಿಲ್ಲದ ಮುದುಕನೊಬ್ಬ ನನಗೇ ಆಕೆಯ ಕಥೆ ಹೇಳತೊಡಗಿದ.

"ಕೇಳೀರೇನ್ರಿ? ಯಾದಗಿರಿ ಗಿರಣ್ಯಾಗ ಆ ಹೆಣ್ಮಗಳು ಇನ್ನೂ ಒದರಾಕತ್ತಾಳಂತ. ಮಷೀನ್ ಚಾಲೂ ಆತಂದ್ರ ಒಂದ ಮಾತಂತ — ಅಣ್ಣಾ, ಪಟ್ಟಾಕ್ಕ ತಗಡು ಹಾಕಸ್ರಿ."

ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಯಾರು ಹೇಳಿದರು ಎಂದು ಕೇಳಿದೆ.

"ಈಗ ಒಬ್ಬಾಕಿ ಹೇಳಿ ಹೋಗ್ಯಾಳ ನೋಡ್ರಿ. ಪಾಪ, ಸೆರಗ ಹರದಿತ್ತು."

ಹೊರಗೆ ಓಡಿಬಂದೆ. ರಣಬಿಸಿಲು. ಓಣಿಯ ತುದಿಯವರೆಗೂ ಒಂದು ನರಪಿಳ್ಳೆಯೂ ಇಲ್ಲ.

ಮುದುಕ ಹೇಳಿದ ಸುದ್ದಿ ಹಳ್ಳಿಗಳಿಗೆಲ್ಲ ಹಬ್ಬಿತು. ಹೆಂಗಸರು ಗಿರಣಿಗೆ ಬರುವುದನ್ನೇ ಬಿಟ್ಟರು. ಆಗ ಸಾಹುಕಾರರು ಹೆದರಿ ಪಟ್ಟಾಕ್ಕೆ ತಗಡು ಹಾಕಿಸಿದರು, ತೆಂಗಿನಕಾಯಿ ಒಡೆಸಿದರು. ಬದುಕಿದ್ದವಳ ಮಾತು ಅವರ ಕಿವಿಗೆ ಬಿದ್ದಿದ್ದರೆ! ಬೀಳಿಸಬೇಕಾದವನು ನಾನಿದ್ದೆನಲ್ಲ. ಯಂತ್ರದೊಳಗಿನ ದನಿ ನಿಂತಿತಂತೆ. ಆದರೆ ನಾನು ಕಟ್ಟಿದ ಕಥೆ ನಿನ್ನ ಹೆಗಲೇರಿತು. ಗಾಳಿ ಬಡಿದವಳ ಮಗಳೆಂದು ನಿನ್ನನ್ನು ಬಾವಿಯ ಹತ್ತಿರ ಬಿಡಲಿಲ್ಲ. ಗೊತ್ತಾದ ನಿನ್ನ ಮದುವೆ ಮುರಿಯಿತು. ಎಲ್ಲವನ್ನೂ ಕೇಳಿಸಿಕೊಂಡೆ, ನಾಗಮ್ಮ. ಸುಮ್ಮನಿದ್ದೆ.

ಬರುವ ಸೋಮವಾರ ಅದೇ ಕಟ್ಟೆಯ ಮೇಲೆ ನಿಂತು ಇದನ್ನೆಲ್ಲ ಹೇಳುತ್ತೇನೆ. ಕಲ್ಲು ಹೊಡೆದರೆ ಹೊಡೆಯಲಿ. ನೀನು ಬರಬೇಕೆಂದಿಲ್ಲ, ನನ್ನನ್ನು ಕ್ಷಮಿಸಬೇಕೆಂದೂ ಇಲ್ಲ. ನಿನ್ನ ಅವ್ವ ಬೇಡಿದ್ದು ಒಂದು ತಗಡು. ಬೇಡುವಾಗ ನನ್ನನ್ನು ಅಣ್ಣಾ ಎಂದಿದ್ದಳು.