ಮಡಿವಾಳಪ್ಪನವರ ಗಾಡಿ ಪರೀಕ್ಷೆ

ವಿದೇಶದ ವುಡ್‌ಬ್ರಿಡ್ಜಿನಲ್ಲಿ ನೆಲೆಸಿದ ಮಡಿವಾಳಪ್ಪನವರು ಎರಡು ವರ್ಷದಿಂದ ದೊಡ್ಡ ಫೋರ್ ವೀಲ್ ಡ್ರೈವ್ ಗಾಡಿ ಕೊಳ್ಳುತ್ತಲೇ ಇದ್ದಾರೆ. ಊರೊಳಗೆ ಕಿರಾಣಿ ತರಲಿಕ್ಕೂ ಆಗಬೇಕು, ಉತ್ತರದ ಕಾಡಿನ ಕಚ್ಚಾ ರಸ್ತೆಗೂ ಆಗಬೇಕು ಎಂಬುದು ಅವರ ಷರತ್ತು. ಪ್ರತಿ ಶನಿವಾರ ಒಂದೊಂದು ಶೋರೂಮಿಗೆ ಹೋಗಿ, ಟೈರಿಗೆ ಗುದ್ದಿ, ಡಿಕ್ಕಿಯಲ್ಲಿ ಎಷ್ಟು ಅಕ್ಕಿ ಚೀಲ ಹಿಡಿದೀತೆಂದು ಗೇಣು ಹಾಕಿ, ಮೂರನೆಯ ಸಾಲಿನ ಸೀಟಿನಲ್ಲಿ ಮಂಡಿ ಗದ್ದಕ್ಕೆ ತಾಗುವಂತೆ ಕೂತು, "ಇದರಾಗ ಮನಿಶಾ ಕುಂಡ್ರತಾನೇನು?" ಎಂದು ಹೆಂಡತಿ ಜಯಶೀಲಾರನ್ನು ಕೇಳುತ್ತಾರೆ. "ನೀವು ಕುಂತೀರಲ್ರೀ" ಎಂದರೆ ಅದು ಉತ್ತರವಲ್ಲ. ಒಂದು ಗಾಡಿ ಹತ್ತಿರದ ಊರು ಮಾರ್ಕಮ್ಮಿನ ಮಾಲಿನ ಪಾರ್ಕಿಂಗಿಗೆ ಉದ್ದವಾಯಿತು, ಇನ್ನೊಂದು ಕಾಡಿನ ಕಲ್ಲುಗುಂಡಿಗೆ ಗಿಡ್ಡವಾಯಿತು. ಆದರೆ ಟೆಸ್ಟ್ ಡ್ರೈವಿನಲ್ಲಿ ಅವರು ಶೋರೂಮಿನ ಸುತ್ತಲಿನ ಓಣಿಗಳನ್ನು ದಾಟುವುದಿಲ್ಲ. ಸೇಲ್ಸ್‌ಮನ್ ಹೈವೇ ಕಡೆ ಕೈ ತೋರಿಸಿದರೆ "ನೆಕ್ಸ್ಟ್ ಟೈಮ್" ಎನ್ನುತ್ತಾರೆ. ಎರಡು ಚಳಿಗಾಲದ ಹಿಂದೆ ಹೈವೇಯ ಮಂಜುಗಡ್ಡೆಯ ಮೇಲೆ ಅವರ ಕಾರು ಬುಗುರಿಯಂತೆ ತಿರುಗಿ, ಹಿಂದೆ ಕೂತಿದ್ದ ಮಗಳು ಅಕ್ಷರಾಳ ಹುಬ್ಬಿಗೆ ಮೂರು ಹೊಲಿಗೆ ಬಿದ್ದಿದ್ದವು. ಅಂದಿನಿಂದ ಅವರು ಹೈವೇ ಹತ್ತಿಲ್ಲ. ಕಳೆದ ಶನಿವಾರ ಜಯಶೀಲಾ ಬೇಸತ್ತು ಮನೆಯಲ್ಲೇ ಉಳಿದರು. ಬದಲಿಗೆ ಹೋದ, ಕಾಲೇಜು ಓದುವ ಅಕ್ಷರಾ, "ಅಪ್ಪಾ, ಐ ವಿಲ್ ಡ್ರೈವ್" ಎಂದು ಕೀಲಿ ಇಸಿದುಕೊಂಡು ಗಾಡಿಯನ್ನು ನೇರ ಹೈವೇಗೆ ಏರಿಸಿದಳು. ಮಡಿವಾಳಪ್ಪನವರು ಸ್ಟೀರಿಂಗಿನ ಮೇಲಿದ್ದ ಅವಳ ಕೈಗಳನ್ನೇ ನೋಡುತ್ತ ಕೂತರು. ಮನೆಗೆ ಬಂದಾಗ ಜಯಶೀಲಾ, "ಗಾಡಿ ಹೆಂಗೈತ್ರೀ?" ಎಂದು ಕೇಳಿದರು. "ಗಾಡಿ ನಾ ನೋಡಲೇ ಇಲ್ಲ" ಎಂದರು ಅವರು. "ಅಕ್ಷರಾ ಭಾಳ ಚಲೋ ಓಡಸ್ತಾಳ."