ಕುರ್ಚಿ ಬಿಟ್ಟುಕೊಡುವ ಡಾಕ್ಟರು

ಜೋಗೇಶ್ವರಿಯ ವಾರಿಜಾ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಮ್ಮಿನ ವಿಚಾರಕ್ಕೆ ಬರುವ ಮೊದಲು ಚಾಳಿನ ನೀರು, ಸೊಸೆಯ ತವರು, ಲೋಕಲ್ ರೈಲಿನ ನೂಕುನುಗ್ಗಲು ಎಲ್ಲವೂ ಮಾತಿಗೆ ಬರಬೇಕು. ಕಾಯಿಲೆಯನ್ನು ವಿವರಿಸಿದ ಮೇಲೆ ಅವರು ಎದ್ದು ರೋಗಿಯನ್ನು ತಮ್ಮ ಕುರ್ಚಿಯಲ್ಲಿ ಕೂರಿಸುತ್ತಾರೆ. "ಈಗ ನೀವು ಡಾಕ್ಟರು, ನಾನು ಪೇಷಂಟು. ನನಗೆ ಏನಾಗಿದೆ, ಹೇಳಿ ನೋಡುವ." ರೋಗಿ ತಪ್ಪಿದರೆ, ತಾವು ಹೇಳಿದ್ದೇ ಸರಿಯಿಲ್ಲವೆಂದು ಮೊದಲಿನಿಂದ ಶುರು ಮಾಡುತ್ತಾರೆ. ಗಂಟಿನ ಆಪರೇಷನ್ ಮುಂದೂಡುತ್ತಲೇ ಬಂದಿದ್ದ ವಿಜಯಪುರದ ದಾನವ್ವ ಮೊನ್ನೆ ಆ ಕುರ್ಚಿಯಲ್ಲಿ ಕುಳಿತು ಡಾಕ್ಟರನ್ನೇ ದಿಟ್ಟಿಸಿದಳು. "ಗಂಟು ತೆಗೀಬೇಕವ್ವಾ. ಆದ್ರ ನಿನಗ ಅಂಜಿಕಿ ಐತಿ. ಮನ್ಯಾಗ ಯಾರಿಗೂ ಹೇಳಿಲ್ಲ ನೀ." ವಾರಿಜಾ ರೋಗಿಯ ಕುರ್ಚಿಯಿಂದ ಏಳಲಿಲ್ಲ. "ಹೌದು ಡಾಕ್ಟ್ರೇ, ಹೆದರಿಕೆ ಉಂಟು. ಏನು ಮಾಡುವುದು?" ದಾನವ್ವ ಮೇಜಿನಾಚೆಯಿಂದ ಅವರ ಕೈ ಹಿಡಿದಳು. "ಅಂಜಬ್ಯಾಡ. ಇಬ್ರೂ ಕೂಡಿ ಹೇಳೂಣು," ಎಂದು ತನ್ನ ಮಗನಿಗೆ ಫೋನ್ ಹಚ್ಚಿದಳು.