ಚಾರ್ಜರ್‌ಗೊಂದು ಫೋನ್

ಫೋನ್‌ಗೆ ಹೊಂದುವ ಚಾರ್ಜರ್ ಕೇಳುವವರನ್ನು ನೀವೆಲ್ಲ ನೋಡಿರುತ್ತೀರಿ. ಚಾರ್ಜರ್‌ಗೆ ಹೊಂದುವ ಫೋನ್ ಕೊಡಿ ಅಂತ ಕೇಳಿದವರನ್ನು ನೋಡಿದ್ದೀರಾ? ನಾನೇ ಆ ಮಹಾತಾಯಿ.

ಎರಡು ತಿಂಗಳ ಹಿಂದೆ ಚನ್ನಗಿರಿ ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಗೆ ಹೋದಾಗ ನನ್ನ ಬ್ಯಾಗಿನಲ್ಲಿ ಹಳೇ ಪಿನ್ನಿನ ಚಾರ್ಜರ್ ಒಂದಿತ್ತು. ಮನೆಯ ಶೋಕೇಸಿನ ಡ್ರಾಯರಿನಲ್ಲಿ ಅಂಥವೇ ಇನ್ನೂ ನಾಲ್ಕಿವೆ. (ನಿಮ್ಮ ಮನೆಯಲ್ಲೂ ಇರುತ್ತವೆ, ಸುಳ್ಳು ಹೇಳಬೇಡಿ.) ಎಲ್ಲವೂ ಚೆನ್ನಾಗಿ ಕೆಲಸ ಮಾಡುತ್ತವೆ. ಕೆಲಸ ಮಾಡುವ ವಸ್ತುವನ್ನು ಎಸೆಯಲು ಮನಸ್ಸಾದರೂ ಹೇಗೆ ಬರುತ್ತದೆ?

ಫೋನ್ ಬೇಕಿದ್ದದ್ದು ನನಗಲ್ಲ, ಜಗಳೂರಿನಲ್ಲಿರುವ ನನ್ನ ಅಕ್ಕನಿಗೆ. ಅವಳ ಫೋನ್ ಬಟ್ಟೆ ನೆನೆಸಿದ ಬಕೆಟ್ಟಿಗೆ ಬಿದ್ದು ಕೆಟ್ಟುಹೋಗಿತ್ತು.

ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಬರುವುದಿಲ್ಲ. ಶಾಲೆಗೆ ಕಳಿಸಲಿಲ್ಲ, ಹಾಗಾಗಿ ಓದು ಬರಹವೂ ಇಲ್ಲ. ಅವಳಿಗಿರುವುದು ಚಿಕ್ಕಂದಿನಲ್ಲಿ ನಾವಿಬ್ಬರೂ ಸೇರಿ ಕಟ್ಟಿಕೊಂಡ ಸನ್ನೆಗಳು. ಮೂಗಿನ ತುದಿ ಮುಟ್ಟಿದರೆ ಸೋದರತ್ತೆ (ಆಕೆಯ ಮೂಗುಬೊಟ್ಟು ಅಷ್ಟು ದೊಡ್ಡದು). ಕೆನ್ನೆ ಉಬ್ಬಿಸಿದರೆ ಪಕ್ಕದ ಮನೆಯ ಮೇಷ್ಟ್ರು. ಅಮ್ಮನಿಗೆ ಅರ್ಧಂಬರ್ಧ ಅರ್ಥವಾಗುತ್ತಿತ್ತು. ಅಮ್ಮ ಈಗಿಲ್ಲ. ಭಾವ ಬಡಗಿ, ಒಳ್ಳೆಯ ಮನುಷ್ಯ. ಆದರೆ ಅವರಿಗೆ ಬರುವುದು ಊಟ, ನೀರು, ಬಾ, ಹೋಗು, ಇಷ್ಟೇ. ಅಂದರೆ ಈ ಭಾಷೆ ಬಲ್ಲವರು ಜಗತ್ತಿನಲ್ಲಿ ಇಬ್ಬರೇ. ದಿನಾ ಸಂಜೆ ಏಳಕ್ಕೆ ನಾವು ವಿಡಿಯೊ ಕಾಲ್ ಮಾಡಿದರೆ ಆ ಭಾಷೆ ಇದೆ. ಮಾಡದಿದ್ದರೆ ಇಲ್ಲ.

ಅಂಗಡಿಯ ರಫೀಕ್ ಸೆಕೆಂಡ್ ಹ್ಯಾಂಡ್ ಫೋನ್‌ಗಳನ್ನು ಸಾಲಾಗಿ ಇಟ್ಟರು. ನಾನು ಒಂದೊಂದರ ಬುಡಕ್ಕೂ ನನ್ನ ಚಾರ್ಜರ್ ಚುಚ್ಚಿ ನೋಡಿದೆ. ಒಂದಕ್ಕೆ ಸಲೀಸಾಗಿ ಕೂತಿತು.

“ಮೇಡಂ, ಅದು ಭಾಳ ಹಳೇ ಮಾಡೆಲ್ಲು. ಈಗೇನೋ ಎಲ್ಲಾ ಓಡ್ತೈತೆ. ಮುಂದೆ ಆ್ಯಪ್‌ಗಳು ಎಷ್ಟು ದಿನ ನಡೀತಾವೋ ಹೇಳಾಕೆ ಆಗಲ್ಲ. ಸ್ವಲ್ಪ ಈಚಿಂದು ತಗೊಳ್ರಿ.”

“ಅದಕ್ಕೆ ಈ ಪಿನ್ ಆಗ್ತೈತಾ?”

“ಇಲ್ರಿ, ಅದು ಸಿ ಟೈಪ್.”

“ಹಂಗಾದ್ರೆ ಬ್ಯಾಡ ಬಿಡ್ರಿ.”

ಫೋನ್ ಆರಿಸಲು ಐದು ನಿಮಿಷ. ಕವರ್ ಆರಿಸಲು ಮುಕ್ಕಾಲು ಗಂಟೆ! ಹಳೇ ಮಾಡೆಲ್ ಆದ್ದರಿಂದ ಕವರುಗಳೆಲ್ಲ ಅಗ್ಗ. ಅಕ್ಕನಿಗಿಷ್ಟದ ನೇರಳೆ ಬಣ್ಣದ್ದನ್ನು ತೆಗೆದುಕೊಂಡೆ. ಟೆಂಪರ್ಡ್ ಗ್ಲಾಸ್ ಹಾಕಿಸಿದೆ. ಮರೆಯದೆ ಒಂದು ಪ್ಲಾಸ್ಟಿಕ್ ಸ್ಟ್ಯಾಂಡ್ ಕೊಂಡೆ. ನೀವು ಒಂದು ಕೈಯಲ್ಲಿ ಫೋನ್ ಹಿಡಿದು ಮಾತಾಡಬಹುದು. ಅಕ್ಕನಿಗೆ ಮಾತಾಡಲು ಎರಡೂ ಕೈ ಬೇಕು.

ಫೋನ್ ಅಕ್ಕನ ಕೈ ಸೇರಿದ ಮೇಲೆ ಒಂದು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ಸಂಜೆ ಕಾಲ್ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಭಾವನ ಕೀಪ್ಯಾಡ್ ಫೋನ್‌ಗೆ ಮಾಡಿದೆ. “ಏನೋ ಇಂಗ್ಲಿಷ್‌ನಾಗೆ ಬಂದೈತಮ್ಮ, ಒತ್ತಿದ್ರೆ ಹೋಗಂಗಿಲ್ಲ. ಆಕೆ ಆರಾಮ ಅದಾಳೆ ಬಿಡು,” ಅಂದರು.

ರಫೀಕ್ ಹತ್ತಿರ ಓಡಿದೆ. ಫೋನ್ ನೋಡದೆಯೇ ಅವರಿಗೆ ಗೊತ್ತಾಯಿತು. “ವರ್ಷನ್ ಹಳೇದಾತು ಮೇಡಂ. ಆ ವಿಡಿಯೊ ಕಾಲ್ ಆ್ಯಪ್ ಇನ್ನು ಅದ್ರಾಗೆ ನಡೆಯಲ್ಲ. ನಾವೇನೂ ಮಾಡಾಕಾಗಲ್ಲ.” ಆಮೇಲೆ ನನ್ನ ಮುಖ ನೋಡಿ ಸಮಾಧಾನ ಹೇಳಿದರು: “ಸಾದಾ ಕಾಲ್ ಹೋಗ್ತೈತಲ್ರಿ. ಬರೇ ಮಾತಾಡಾಕೆ ಏನೂ ತೊಂದ್ರೆ ಇಲ್ಲ.”

ಪಾಪ, ಅವರಿಗೆ ನಾನು ಅಕ್ಕನ ವಿಷಯ ಹೇಳಿರಲೇ ಇಲ್ಲ. ಪಿನ್ನಿನ ವಿಷಯ ಮಾತ್ರ ಹೇಳಿದ್ದೆ.

ಫೋನ್‌ಗೆ ಒಂದು ಗೀರು ಬಿದ್ದಿಲ್ಲ. ಬ್ಯಾಟರಿ ಗಟ್ಟಿಯಾಗಿದೆ. ಗ್ಲಾಸ್ ಒಡೆದಿಲ್ಲ. ಎಲ್ಲೋ ಕೂತ ಯಾರೋ ‘ಇನ್ನು ಸಾಕು’ ಅಂದರು, ಅಷ್ಟೇ. ಇವತ್ತು ಸಿ ಟೈಪ್‌ನದ್ದು ಕೊಂಡರೂ ಅದಕ್ಕೂ ಒಂದು ದಿನ ಸಾಕು ಅನ್ನುತ್ತಾರೆ. ಆಗ ಇನ್ನೊಂದು, ಆಮೇಲೆ ಮತ್ತೊಂದು. ಅಕ್ಕನ ಜೊತೆ ಮಾತಾಡಲು ನಾನು ಜೀವಮಾನವಿಡೀ ಯಾರದೋ ಅಪ್ಪಣೆ ಕಾಯುತ್ತಿರಬೇಕೇ?

ತಕ್ಷಣ ಹೊರಡಬೇಕಿತ್ತು. ಹೊರಡಲಿಲ್ಲ. ಶಾಲೆಯಲ್ಲಿ ಪರೀಕ್ಷೆ, ಪೇಪರ್ ತಿದ್ದುವುದು, ಅದು, ಇದು. ಆರಾಮ ಅದಾಳಲ್ಲ ಅಂತ ಮೂರು ವಾರ ತಳ್ಳಿದೆ. ಹೋದ ಭಾನುವಾರ ಬಸ್ ಹತ್ತಿ, ದಾವಣಗೆರೆಯಲ್ಲಿ ಇನ್ನೊಂದು ಬಸ್ ಹಿಡಿದು ಜಗಳೂರಿಗೆ ಹೋದೆ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ನಗಲಿಲ್ಲ. ನೀರು ತಂದುಕೊಟ್ಟಳು, ನೆಂಟರಿಗೆ ಕೊಟ್ಟ ಹಾಗೆ. ಒಳಗೆ ಟೇಬಲ್ ಮೇಲೆ ಸ್ಟ್ಯಾಂಡು, ಸ್ಟ್ಯಾಂಡಿನಲ್ಲಿ ಫೋನು, ಎದುರಿಗೆ ಒಂದು ಕುರ್ಚಿ.

“ದಿನಾ ಏಳಕ್ಕೆ ತಲೆ ಬಾಚ್ಕಂಡು ಅದರ ಮುಂದೆ ಕೂರ್ತಾಳೆ,” ಅಂದರು ಭಾವ. “ನಾ ಹೆಂಗೆ ಹೇಳಿದ್ರೂ ತಿಳಿಯವಲ್ದು. ನೀನೇ ಕಾಲ್ ಕಟ್ ಮಾಡ್ತೀಯ ಅಂದ್ಕಂಡಾಳೆ.”

ಅಕ್ಕ ನನ್ನ ಎದುರು ಕೂತು ಕಿರುಬೆರಳು ಎತ್ತಿ ತೋರಿಸಿದಳು. ಚಿಕ್ಕ ಮಕ್ಕಳು ಮಾಡುತ್ತಾರಲ್ಲ, ಅದೇ. ನನ್ನ ಜೊತೆ ಟೂ ಬಿಟ್ಟಿದ್ದೀಯಾ?

ನನಗೆ ಅಳು ತಡೆಯಲಾಗಲಿಲ್ಲ. ಇಲ್ಲ ಇಲ್ಲ ಅಂತ ಕೈ ಆಡಿಸಿದೆ. ಫೋನ್ ತೋರಿಸಿ, ಕಣ್ಣು ಮುಚ್ಚಿ, ಕತ್ತು ವಾಲಿಸಿದೆ. ಅದು ಸತ್ತಿದೆ ಅಕ್ಕ, ನನ್ನದೇ ತಪ್ಪು. ಅವಳು ಫೋನ್ ಎತ್ತಿಕೊಂಡು ಬಟನ್ ಒತ್ತಿದಳು. ಸ್ಕ್ರೀನ್ ಬೆಳಗಿತು, ನಮ್ಮಿಬ್ಬರ ಫೋಟೊ ಬಂತು. ಅವಳು ನನ್ನ ಅಂಗೈ ಎಳೆದುಕೊಂಡು ಬೆರಳಿನಿಂದ ಅಡ್ಡ ಗೀರಿದಳು. ನಮ್ಮ ಭಾಷೆಯಲ್ಲಿ ಹಾಗೆಂದರೆ ಸುಳ್ಳು.

ಹೊಳೆಯುತ್ತಿರುವ ಫೋನ್ ಸತ್ತಿದೆ ಅಂತ ನಂಬಿಸುವ ಸನ್ನೆ ನಿಮಗೇನಾದರೂ ಗೊತ್ತಾ?